ಭಜನೆಯಲ್ಲಿ ಲಯ ಓಡಿದರೆ ತಡೆಯಬೇಕೋ, ಬಿಡಬೇಕೋ?

ಮಂಡಳಿಯ_ಹೊಸಬ
ನಮ್ಮ ಏಕಾದಶಿ ಭಜನೆಗೆ ಗಂಡಸರು, ಹೆಂಗಸರು ಸೇರಿ ಸುಮಾರು ಮೂವತ್ತು ಜನ. ಮೂರನೇ ಚರಣದ ಹೊತ್ತಿಗೆ ಲಯ ಓಡುತ್ತದೆ, ಸಾಹಿತ್ಯ ಕೇಳಿಸುವುದೇ ಇಲ್ಲ. "ಹಾಡಿಸುವವನು ಅವನೇ, ಆವೇಶ ತಡೆಯಬೇಡಿ" ಅನ್ನುತ್ತಾರೆ ಹಿರಿಯರು. ಏನು ಮಾಡುವುದು?

ಶ್ರುತಿಪೆಟ್ಟಿಗೆ
ಮೊದಲು ಕೈಯಲ್ಲಿ ಬಡಿಯುವ ತಾಳ ಎಷ್ಟು ಜೊತೆ ಇವೆ ನೋಡಿ. ನಾಲ್ಕೈದು ಜೊತೆ ಬಡಿದರೆ ಯಾರು ಮುಂದೋ ಅವರ ಹಿಂದೆ ಎಲ್ಲರೂ ಓಡುತ್ತಾರೆ. ಒಂದೇ ಜೊತೆ ಸಾಕು, ಅದು ಸಾಲನ್ನು ಮೊದಲು ಹೇಳಿಕೊಡುವವರ ಪಕ್ಕದಲ್ಲಿರಲಿ. ಉಳಿದವರು ಚಪ್ಪಾಳೆ ಹಾಕಲಿ. ಎರಡನೇ ಕಾರಣ, ಹೇಳಿಕೊಡುವವರ ಸಾಲು ಮುಗಿಯುವ ಮೊದಲೇ ಗುಂಪು ಎತ್ತಿಕೊಳ್ಳುವುದು. ಆದಿತಾಳವಾದರೆ ಎಂಟು ಎಣಿಕೆ (4+2+2) ತುಂಬಲಿ, ಆಮೇಲೆ ಎತ್ತಿಕೊಳ್ಳಲಿ.

ಶ್ರುತಿಯನ್ನೂ ನೋಡಿ. ಬಿಳಿ 1ರಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಮನೆ ಷಡ್ಜವಾದಾಗ) ಹೆಂಗಸರಿಗೆ ಕೆಳಗೂ ಸಿಗದು, ಮೇಲೂ ಎಟುಕದು. ಬಿಳಿ 5ರಲ್ಲಿ ಗಂಡಸರು ಕಿರುಚುತ್ತಾರೆ, ಕಿರುಚಾಟ ಬಂದಲ್ಲಿ ಓಟವೂ ಬರುತ್ತದೆ. ಬಿಳಿ 3ರ ಆಸುಪಾಸು ಹಿಡಿಯಿರಿ. ಪಂಚಮದ (ಪ ಸ್ವರದ) ಮೇಲೆ ಹೆಚ್ಚು ಹೋಗದ ಪದ ಆರಿಸಿ.

ಧಾರವಾಡದಾವ
ಲಯ ಏರಿಸೂದು ತಪ್ಪಲ್ರೀ. ಏರಿಸೂದು ಬ್ಯಾರೆ, ತಾನಾಗಿ ಓಡೂದು ಬ್ಯಾರೆ. ನಾಮಾವಳಿಯೊಳಗ ಎರಡ್ಮೂರು ಮಾತು ಅಷ್ಟ ಇರ್ತಾವ, ದುಪ್ಪಟ್ಟು ಮಾಡಿದ್ರೂ ನಾಲಿಗಿ ತಪ್ಪೂದಿಲ್ಲ. ದಾಸರ ಪದಕ್ಕ ಅದು ನಡಿಯೂದಿಲ್ಲ. ಚರಣ ಒಂದ ಲಯದಾಗ ಹೇಳಿ, ಕಡೀ ಪಲ್ಲವಿ ಅಷ್ಟ ಏರಿಸ್ರಿ. ಕುಣಿಯವರು ಅಲ್ಲಿ ಕುಣೀಲಿ.

ಅಂಕಿತಪ್ರಿಯ
ಆವೇಶದ ವಾದಕ್ಕೆ ದಾಸಪರಂಪರೆಯೇ ಉತ್ತರ. ಪುರಂದರದಾಸರು ಸ್ವಪ್ನದಲ್ಲಿ ಬಂದು ವಿಜಯದಾಸರಿಗೆ (1682–1755) ಅಂಕಿತ, ಅಂದರೆ ಪದದ ಕೊನೆಯಲ್ಲಿ ಬರುವ ಮುದ್ರೆಯ ಹೆಸರು, ಕೊಟ್ಟರೆಂದು ಸಂಪ್ರದಾಯ ನಂಬುತ್ತದೆ. ವಿಜಯದಾಸರ ಶಿಷ್ಯರು ಗೋಪಾಲದಾಸರು, ಅಂಕಿತ "ಗೋಪಾಲವಿಠಲ". ಕನಸಿನಲ್ಲಿ ಬಂದ ಪ್ರೇರಣೆಯೂ ಅಲ್ಲಿ ಗುರುವಿನ ಕೈಯಿಂದಲೇ ಬಂತು, ಪದದೊಳಗೆ ಅಂಕಿತವಾಗಿ ಕೂತಿತು. ಇಂಥ ಪದವನ್ನು ಹಾಡುವಾಗ ಮಾತೇ ಕೇಳಿಸದಿದ್ದರೆ ಪ್ರೇರಣೆ ಯಾರಿಗೆ ತಲುಪಬೇಕು? ಹೊತ್ತು ಸಾಲದಿದ್ದರೆ ನಡುವಿನ ಚರಣ ಬಿಡಿ, ಅಂಕಿತವಿರುವ ಕೊನೇ ಚರಣ ಮಾತ್ರ ಬಿಡಬೇಡಿ. ಓಟದಲ್ಲಿ ಮೊದಲು ನುಂಗಿಹೋಗುವುದು ಅದೇ. ಪದ ಎತ್ತಿಕೊಳ್ಳುವ ಮುಂಚೆ ಪಲ್ಲವಿಯನ್ನು ಒಮ್ಮೆ ತಾಳವಿಲ್ಲದೆ ಓದಿಸಿ.

ಮಂಡಳಿಯ_ಹೊಸಬ
ಒಂದೇ ಜೊತೆ ತಾಳ ಅಂದರೆ ಮನೆಯಿಂದ ತಂದವರಿಗೆ ಬೇಜಾರಾಗುತ್ತದಲ್ಲ?

ಶ್ರುತಿಪೆಟ್ಟಿಗೆ
ಚರಣಕ್ಕೆ ಸುಮ್ಮನಿದ್ದು ಪಲ್ಲವಿಗೆ ಮಾತ್ರ ಬಾರಿಸಲಿ. ಅವರೂ ಸಾಹಿತ್ಯ ಕೇಳಿಸಿಕೊಳ್ಳುತ್ತಾರೆ.