ಕೇರರ್ಸ್ ಅಲವೆನ್ಸ್ ಜೊತೆ ಝೀರೋ ಅವರ್ಸ್ ಕೆಲಸ: ಒಂದೆರಡು ವಾರ 196 ಪೌಂಡ್ ದಾಟಿದ್ರೆ ಏನಾಗುತ್ತೆ?

ಶನಿವಾರದ ಶಿಫ್ಟ್ (ಪ್ರಶ್ನೆ)

ಇರೋದು ಇಂಗ್ಲೆಂಡ್‌ನಲ್ಲಿ. ಅಮ್ಮನಿಗೆ ಅಟೆಂಡೆನ್ಸ್ ಅಲವೆನ್ಸ್ (ಆರೈಕೆ ಬೇಕಾದ ವಯಸ್ಸಾದವರಿಗೆ ಸರ್ಕಾರ ಕೊಡೋ ಭತ್ಯೆ) ಬರುತ್ತೆ, ಅವರನ್ನ ನೋಡ್ಕೊಳ್ಳೋದಕ್ಕೆ ನನಗೆ ಸರ್ಕಾರದಿಂದ ಕೇರರ್ಸ್ ಅಲವೆನ್ಸ್. ಜೊತೆಗೆ ಸೂಪರ್‌ಮಾರ್ಕೆಟ್‌ನಲ್ಲಿ ಝೀರೋ ಅವರ್ಸ್ ಕೆಲಸ (ಇಷ್ಟೇ ಗಂಟೆ ಅಂತ ಖಾತ್ರಿ ಇಲ್ಲ), ಸಂಬಳ ವಾರವಾರ. ಹೋದ ಐದು ವಾರ ಬ್ಯಾಂಕಿಗೆ ಬಿದ್ದದ್ದು: 150, 230, 180, 245, 160 ಪೌಂಡ್. ವಾರಕ್ಕೆ ನಿವ್ವಳ 196 ಪೌಂಡ್‌ಗಿಂತ ಹೆಚ್ಚು ಗಳಿಸಿದ್ರೆ ಅಲವೆನ್ಸ್ ಇಲ್ಲ ಅನ್ನೋದು 2025–26ರ ಮಿತಿ; ಇದರಲ್ಲಿ ಎರಡು ವಾರ ಅದನ್ನ ದಾಟಿದೆ. ಆ ಎರಡು ವಾರದ ಅಲವೆನ್ಸ್ ವಾಪಸ್ ಕೊಡಬೇಕಾ? ಅಥವಾ ಸರಾಸರಿ ಹಿಡೀತಾರಾ? ಇನ್ನೊಂದು ವಿಷಯ, ಸದ್ಯದಲ್ಲೇ ತಿಂಗಳ ಸಂಬಳಕ್ಕೆ ಬದಲಾಯಿಸ್ತಾರಂತೆ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡೋ ತಿಂಗಳ ನೆರವು) ಕೂಡ ಸ್ವಲ್ಪ ಬರ್ತಿದೆ.

ಲೆಕ್ಕದ ಪುಸ್ತಕ

ಸರಾಸರಿ ಹಿಡಿಯೋದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. 1996ರ ಕಂಪ್ಯುಟೇಷನ್ ಆಫ್ ಅರ್ನಿಂಗ್ಸ್ (ಗಳಿಕೆ ಲೆಕ್ಕ ಹಾಕುವ) ನಿಯಮಾವಳಿಯ 8ನೇ ನಿಯಮ ನೋಡಿ. ಸಂಬಳ ಏರಿಳಿಯುತ್ತಿದ್ದರೆ ಮೊದಲು ಕೆಲಸಕ್ಕೊಂದು ಆವರ್ತನ ಇದೆಯಾ ಅಂತ ನೋಡ್ತಾರೆ. ಒಂದು ವಾರ ಎರಡು ಶಿಫ್ಟ್, ಮರುವಾರ ನಾಲ್ಕು, ಮತ್ತೆ ಎರಡು, ಹೀಗೆ ನಡೀತಿದ್ರೆ ಅದು ಎರಡು ವಾರದ ಆವರ್ತನ. 130 ಮತ್ತು 250 ಬಂದರೆ ವಾರಕ್ಕೆ 190 ಅಂತ ಲೆಕ್ಕ. ಆವರ್ತನದೊಳಗೇ ಕೆಲಸ ಇಲ್ಲದ ವಾರಗಳಿದ್ದರೆ ಅವೂ ಸೇರುತ್ತವೆ. ಶಾಲೆಯ ಟರ್ಮ್‌ನಲ್ಲಿ ಮಾತ್ರ ಕೆಲಸ ಮಾಡೋರಿಗೆ ಇದು ದೊಡ್ಡ ಅನುಕೂಲ.

ಆವರ್ತನವೇ ಕಾಣದಿದ್ದರೆ ಐದು ವಾರದ ಸರಾಸರಿ, ಇಲ್ಲವೇ ಇನ್ನೂ ನಿಖರ ಚಿತ್ರ ಕೊಡುವ ಬೇರೆ ಅವಧಿ. ನಿಮ್ಮದು ಒಟ್ಟು 965, ಐದರಿಂದ ಭಾಗಿಸಿದರೆ 193. ಮಿತಿಯೊಳಗೆ.

ಎರಡು ಎಚ್ಚರಿಕೆ. ಸರಾಸರಿ ಹಿಡಿಯೋದು, ಯಾವ ಅವಧಿಗೆ ಅನ್ನೋದು, ಎರಡೂ ಅಧಿಕಾರಿಯ ತೀರ್ಮಾನ. ನೀವೇ ಮನೆಯಲ್ಲಿ ಭಾಗಾಕಾರ ಮಾಡಿ ಸುಮ್ಮನಿರೋ ಹಾಗಿಲ್ಲ. ಮತ್ತೆ, ಸರಾಸರಿ ಎರಡೂ ಕಡೆ ಕೊಯ್ಯುತ್ತೆ. ಮುಂದಿನ ವಾರ 270 ಬಂತು, ಹಳೆಯ 150 ಹೊರಗೆ ಹೋಯ್ತು ಅಂದ್ಕೊಳ್ಳಿ: ಒಟ್ಟು 1,085, ಸರಾಸರಿ 217. ಆಗ 160 ಬಂದ ಸಪ್ಪೆ ವಾರವೂ ಮಿತಿ ಮೀರಿದ ಲೆಕ್ಕಕ್ಕೇ ಸೇರುತ್ತೆ.

ಹಳೇ ಪೇಸ್ಲಿಪ್

ಮೇಲಿನವರು ಹೇಳಿದ್ದು ಸರಿ, ಆದರೆ 193 ಅನ್ನೋದನ್ನ ನಾನು ಇನ್ನೂ ನಂಬಲ್ಲ. ಬ್ಯಾಂಕಿಗೆ ಬಿದ್ದ ಮೊತ್ತ ಬೇರೆ, ನಿಯಮದ ಪ್ರಕಾರದ ನಿವ್ವಳ ಗಳಿಕೆ ಬೇರೆ. ಒಟ್ಟು ಸಂಬಳದಿಂದ ಕಳೆಯೋದು ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ಸಾಮಾಜಿಕ ವಿಮೆ ಕಂತು), ಮತ್ತು ಪೆನ್ಷನ್ ಕಂತಿನ ಅರ್ಧ ಮಾತ್ರ. ಸಂಬಳದಿಂದ ಪೂರ್ತಿ ಪೆನ್ಷನ್ ಕಂತು ಕಡಿದ ಮೇಲಲ್ವಾ ದುಡ್ಡು ಬ್ಯಾಂಕಿಗೆ ಬರೋದು? ಅದರ ಅರ್ಧ ವಾಪಸ್ ಸೇರಿಸಬೇಕು. ಯೂನಿಯನ್ ಚಂದಾ, ಸಾಲದ ಕಂತು ಇಂಥವು ಸಂಬಳದಲ್ಲೇ ಕಡಿತ ಆಗ್ತಿದ್ರೆ ಅವನ್ನ ಪೂರ್ತಿ ಸೇರಿಸಬೇಕು. ರಜಾ ಸಂಬಳವೂ ಗಳಿಕೆಯೇ.

ಪೇಸ್ಲಿಪ್‌ನಲ್ಲಿ ಪೆನ್ಷನ್ ಕಡಿತ ಎಷ್ಟಿದೆ ನೋಡಿ ಹೇಳಿ.

ಶನಿವಾರದ ಶಿಫ್ಟ್

ಈಗ ನೋಡಿದೆ. ಸರಾಸರಿ ವಾರಕ್ಕೆ 8 ಪೌಂಡ್ ಪೆನ್ಷನ್. ಬೇರೆ ಕಡಿತ ಏನೂ ಇಲ್ಲ. ಅಂದ್ರೆ 193ಕ್ಕೆ 4 ಸೇರಿಸಿದ್ರೆ 197?! ಒಂದು ಪೌಂಡ್‌ಗೆ ಎಲ್ಲಾ ಹೋಯ್ತಾ?

ಹಳೇ ಪೇಸ್ಲಿಪ್

ಒಂದು ಪೌಂಡ್ ಹೆಚ್ಚಾದರೂ ಆ ವಾರದ ಅಲವೆನ್ಸ್ (2025–26ರಲ್ಲಿ 83.30 ಪೌಂಡ್) ಪೂರ್ತಿ ಹೋಗುತ್ತೆ, ಹೌದು. ಈ ಭತ್ಯೆಯಲ್ಲಿ ಇಳಿಜಾರು ಇಲ್ಲ, ನೇರ ಪ್ರಪಾತ. ಆದ್ರೆ ಲೆಕ್ಕ ಇನ್ನೂ ಮುಗಿದಿಲ್ಲ. ನೀವು ಕೆಲಸದಲ್ಲಿರುವಾಗ ಅಮ್ಮನ ಜೊತೆ ಇರೋದಕ್ಕೆ ಯಾರಿಗಾದ್ರೂ ದುಡ್ಡು ಕೊಡ್ತೀರಾ?

ಶನಿವಾರದ ಶಿಫ್ಟ್

ಶನಿವಾರ ಪಕ್ಕದ ಮನೆಯವರು ಬಂದು ಕೂತ್ಕೋತಾರೆ. ವಾರಕ್ಕೆ 15 ಪೌಂಡ್ ಕೊಡ್ತೀನಿ.

ಹಳೇ ಪೇಸ್ಲಿಪ್

ಹಾಗಾದ್ರೆ 197ರಿಂದ 15 ಕಳೆದು 182. ನೀವು ದುಡಿಯೋ ಹೊತ್ತಲ್ಲಿ ಅಮ್ಮನನ್ನ ನೋಡಿಕೊಳ್ಳಲು ಕೊಟ್ಟ ದುಡ್ಡನ್ನ ನಿವ್ವಳ ಗಳಿಕೆಯ ಅರ್ಧದವರೆಗೂ ಕಳೆಯಬಹುದು. 16 ವರ್ಷದೊಳಗಿನ ಮಗುವಿನ ಚೈಲ್ಡ್‌ಕೇರ್ ಖರ್ಚಿಗೂ ಇದು ಅನ್ವಯಿಸಬಹುದು. ಷರತ್ತು ಒಂದೇ: ದುಡ್ಡು ತಗೊಳ್ಳೋರು ನಿಮಗಾಗಲಿ ಅಮ್ಮನಿಗಾಗಲಿ ಹತ್ತಿರದ ಸಂಬಂಧಿ ಆಗಿರಬಾರದು. ಗಂಡ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು, ಅಪ್ಪ ಅಮ್ಮ ಇವರಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನೋಡಿಕೊಳ್ಳೋದೇ ತಂಗಿಯೋ ಮಗಳೋ ಆಗಿರ್ತಾರೆ, ಎಡವಟ್ಟಾಗೋದು ಅಲ್ಲೇ.

ಇನ್ನು ಮುಂದೆ ಕೈಗೆ ನೋಟು ಕೊಡಬೇಡಿ, ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ. ಈಗಾಗಲೇ ಕೊಟ್ಟದ್ದಕ್ಕೆ ತಾರೀಖು, ಗಂಟೆ, ಮೊತ್ತ ಬರೆದು ಅವರ ಸಹಿ ಹಾಕಿಸಿಕೊಳ್ಳಿ.

ಲೆಕ್ಕದ ಪುಸ್ತಕ

ತಿಂಗಳ ಸಂಬಳದ ಬಗ್ಗೆ ಕೇಳಿದ್ರಿ. ತಿಂಗಳಿಗೆ ನಾಲ್ಕು ವಾರ ಅಂತ ಭಾಗಿಸಬೇಡಿ. 12ರಿಂದ ಗುಣಿಸಿ 52ರಿಂದ ಭಾಗಿಸಬೇಕು. 196 ಅಂದ್ರೆ ತಿಂಗಳಿಗೆ ನಿವ್ವಳ 849.33. ನಾಲ್ಕು ವಾರಕ್ಕೊಮ್ಮೆ ಸಂಬಳ ಕೊಡೋ ಕಡೆ ಮಾತ್ರ ನಾಲ್ಕರಿಂದ ಭಾಗಿಸೋದು, ಅಲ್ಲಿ ಮಿತಿ 784.

ಮೂರು ತಿಂಗಳು 700, 1,000, 780 ಬಂತು ಅಂದುಕೊಳ್ಳೋಣ. ಬಿಡಿಬಿಡಿಯಾಗಿ ನೋಡಿದರೆ ವಾರಕ್ಕೆ 161.54, 230.77, 180. ನಡುವಿನ ತಿಂಗಳ ಅಲವೆನ್ಸ್ ಪೂರ್ತಿ ಹೋಯ್ತು, ನಾಲ್ಕು ವಾರ ಅಂದರೂ 333.20 ಪೌಂಡ್. ಮೂರನ್ನೂ ಸೇರಿಸಿ ಸರಾಸರಿ ಹಿಡಿದರೆ ವಾರಕ್ಕೆ 190.77, ಒಂದು ಪೆನ್ನಿಯೂ ಹೋಗಲ್ಲ. ದುಡ್ಡು ಅದೇ, ಲೆಕ್ಕ ಬೇರೆ. ಅದಕ್ಕೇ ಒಂದೇ ಒಂದು ಪೇಸ್ಲಿಪ್ ಕಳಿಸಬೇಡಿ ಅನ್ನೋದು.

ಇನ್ನೊಂದು: ಯಾವ ವಾರ ದುಡಿದಿರಿ ಅನ್ನೋದಲ್ಲ, ಸಂಬಳ ಯಾವಾಗ ಸಲ್ಲಬೇಕಿತ್ತು ಅನ್ನೋದು ಮುಖ್ಯ. ಆ ದಿನ ಬರುವ ಬೆನಿಫಿಟ್ ವೀಕ್‌ನಿಂದ (ಅಲವೆನ್ಸ್ ಲೆಕ್ಕದ ವಾರದಿಂದ) ಮುಂದಕ್ಕೆ ಲೆಕ್ಕ ಓಡುತ್ತೆ. ಡಿಸೆಂಬರ್‌ನಲ್ಲಿ ಹೆಚ್ಚುವರಿ ಶಿಫ್ಟ್ ಮಾಡಿ ದುಡ್ಡು ಜನವರಿ ಕೊನೆಗೆ ಬಂದರೆ, ಪೆಟ್ಟು ಬೀಳೋದು ಫೆಬ್ರವರಿ ವಾರಗಳಿಗೆ.

ತೇಮ್ಸ್ ದಂಡೆ

ಎಲ್ಲರೂ ಯೂನಿವರ್ಸಲ್ ಕ್ರೆಡಿಟ್ ಮರೆತ್ರಿ. ಅದು ಬರ್ತಿರೋರಿಗೆ ಪ್ರಪಾತ ಅಷ್ಟು ಆಳ ಇಲ್ಲ. 2025–26ರ ಕೇರರ್ಸ್ ಅಲವೆನ್ಸ್ ವಾರಕ್ಕೆ 83.30, ತಿಂಗಳಿಗೆ 360.97, ಅಷ್ಟನ್ನೂ ಪೌಂಡಿಗೆ ಪೌಂಡ್ ಯೂನಿವರ್ಸಲ್ ಕ್ರೆಡಿಟ್‌ನಿಂದ ಕಳೀತಾರೆ. ಅಲವೆನ್ಸ್ ನಿಂತರೆ ಆ ಕಡಿತವೂ ನಿಲ್ಲುತ್ತೆ. ನಿಜವಾದ ಲಾಭ ಇರೋದು ಕೇರರ್ ಎಲಿಮೆಂಟ್‌ನಲ್ಲಿ (ಆರೈಕೆ ಮಾಡೋರಿಗೆ ಯೂನಿವರ್ಸಲ್ ಕ್ರೆಡಿಟ್‌ಗೆ ಸೇರಿಸೋ ಮೊತ್ತ), 2025–26ಕ್ಕೆ ತಿಂಗಳಿಗೆ 201.68. ವಾರಕ್ಕೆ 35 ಗಂಟೆ ನೋಡಿಕೊಳ್ತಿದ್ರೆ ಸಾಕು, ಅದಕ್ಕೆ 196ರ ಮಿತಿಯೇ ಇಲ್ಲ, ಅಲವೆನ್ಸ್ ಪಡೀತಿರಲೇಬೇಕು ಅಂತಲೂ ಇಲ್ಲ. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಆ ಸಾಲು ಇದೆಯಾ ನೋಡಿ, ಇಲ್ಲದಿದ್ರೆ ಜರ್ನಲ್‌ನಲ್ಲಿ (ನಿಮ್ಮ ಆನ್‌ಲೈನ್ ಖಾತೆಯಲ್ಲಿ ಸಂದೇಶ ಬರೆಯೋ ಜಾಗ) ಇವತ್ತೇ ಬರೆಯಿರಿ. ಸಂಬಳ ಹೆಚ್ಚಾದರೆ ಪೌಂಡಿಗೆ 55 ಪೆನ್ಸ್ ಕಡಿತ ಆಗುತ್ತೆ; ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಕೆಲಸ ಮಾಡುವ ಸಾಮರ್ಥ್ಯ ಸೀಮಿತ ಅಂತ ನಿರ್ಧಾರ ಆಗಿದ್ದರೆ, ಸಂಬಳದ ಒಂದು ಭಾಗಕ್ಕೆ ವಿನಾಯಿತಿ.

ಅಲವೆನ್ಸ್ ನಿಂತ ದಿನವೇ ಜರ್ನಲ್‌ನಲ್ಲಿ ತಿಳಿಸಿ. ತಾನಾಗೇ ಸರಿಹೋಗುತ್ತೆ ಅಂತ ಕಾಯ್ತಾ ಕೂತರೆ ಬರದ ಅಲವೆನ್ಸನ್ನೂ ಕಳೀತಾ ಇರಬಹುದು.

ಯೂನಿವರ್ಸಲ್ ಕ್ರೆಡಿಟ್ ಬರದವರಿಗೆ (ಉಳಿತಾಯ 16,000 ದಾಟಿದೆ, ಅಥವಾ ಸಂಗಾತಿಯ ಸಂಬಳ ಜಾಸ್ತಿ) ನೋವು ನಿಜ: 196 ದುಡಿದರೆ ಒಟ್ಟು 279.30, 197 ದುಡಿದರೆ ಬರೀ 197. ಅಂಥವರು ಅಲವೆನ್ಸ್ ಬಿಟ್ಟರೆ ಕೇರರ್ಸ್ ಕ್ರೆಡಿಟ್‌ಗೆ ಅರ್ಜಿ ಹಾಕಬೇಕು. ಅದಕ್ಕೆ ವಾರಕ್ಕೆ 20 ಗಂಟೆ ಸಾಕು. ದುಡ್ಡು ಬರಲ್ಲ, ಆದರೆ ಸ್ಟೇಟ್ ಪೆನ್ಷನ್ ದಾಖಲೆಯಲ್ಲಿ ತೂತು ಬೀಳಲ್ಲ.

ಶನಿವಾರದ ಶಿಫ್ಟ್

ಎಲ್ಲರಿಗೂ ಥ್ಯಾಂಕ್ಸ್. ಈಗ ಏನಂತ ತಿಳಿಸಲಿ? ಎರಡು ವಾರ ಮೀರಿದೆ ಅಂತಲಾ?

ಲೆಕ್ಕದ ಪುಸ್ತಕ

ಬೇಡ, ಹಾಗೆ ಅರ್ಧ ಮಾತು ಬರೆದ್ರೆ ಆ ಎರಡು ವಾರವನ್ನೇ ಹಿಡ್ಕೊಂಡು ನಿಲ್ಲಿಸ್ತಾರೆ. ಸರ್ಕಾರಿ ಜಾಲತಾಣದ ಬದಲಾವಣೆ ತಿಳಿಸುವ ಫಾರಂನಲ್ಲಿ ಹೀಗೆ ಬರೆಯಿರಿ: "ನನ್ನ ಗಂಟೆಗಳು ವಾರವಾರಕ್ಕೂ ಬದಲಾಗುತ್ತವೆ. 1996ರ ನಿಯಮಾವಳಿಯ 8ನೇ ನಿಯಮದಂತೆ ಸರಾಸರಿ ಹಿಡಿಯಿರಿ. ಪೆನ್ಷನ್ ಕಂತಿನ ಅರ್ಧ ಮತ್ತು ಆರೈಕೆ ವೆಚ್ಚ ವಾರಕ್ಕೆ 15 ಪೌಂಡ್ ಕಳೆಯಿರಿ." ಇಂಗ್ಲಿಷ್‌ನಲ್ಲಿ, ಇಷ್ಟೇ ಚಿಕ್ಕದಾಗಿ. ಐದೂ ಪೇಸ್ಲಿಪ್ ಸಿದ್ಧ ಇಟ್ಕೊಳ್ಳಿ. ಕಳಿಸಿದ ಮೇಲೆ ಬರುವ ದೃಢೀಕರಣದ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವು ಸುಮ್ಮನಿದ್ದರೂ ಸಂಬಳದ ವಿವರ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಮೂಲಕ, ಅಲವೆನ್ಸ್ ಕೊಡೋ ಇಲಾಖೆ ಡಿಡಬ್ಲ್ಯುಪಿಗೆ ಹೋಗೇ ಹೋಗುತ್ತೆ. ವರ್ಷ ಕಳೆದು ಪತ್ರ ಬಂದಾಗ ವಾಪಸ್ ಕೊಡಬೇಕಾದ ಅಲವೆನ್ಸ್‌ನ ಸಾಲ ಸಾವಿರಗಟ್ಟಲೆ ಬೆಳೆದಿರುತ್ತೆ, ಮೇಲೆ 50 ಪೌಂಡ್ ದಂಡ ಹಾಕಿದರೂ ಹಾಕಬಹುದು.

ನಿರ್ಧಾರ ತಪ್ಪು ಅನ್ನಿಸಿದರೆ ಪತ್ರದ ತಾರೀಖಿನಿಂದ ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಷನ್ (ಇಲಾಖೆಯೇ ನಿರ್ಧಾರ ಮರುಪರಿಶೀಲಿಸೋದು) ಕೇಳಿ. ಅಲ್ಲೂ ಆಗದಿದ್ದರೆ ಟ್ರಿಬ್ಯೂನಲ್‌ಗೆ ಹೋಗಬಹುದು.

ಹಳೇ ಪೇಸ್ಲಿಪ್

ಹಳೇ ವರ್ಷಗಳ ಸಾಲ ಕಟ್ತಿರೋರು ಯಾರಾದ್ರೂ ಓದ್ತಿದ್ರೆ: ಕೇರರ್ಸ್ ಅಲವೆನ್ಸ್ ಸಾಲಗಳ ಬಗ್ಗೆ ಸರ್ಕಾರ ಮಾಡಿಸಿದ, 2025ರ ನವೆಂಬರ್‌ನಲ್ಲಿ ಬಂದ ಲಿಜ್ ಸೇಸ್ ಅವರ ಸ್ವತಂತ್ರ ಪರಿಶೀಲನಾ ವರದಿ, ಏರಿಳಿಯುವ ಸಂಬಳದ ಸರಾಸರಿ ಬಗ್ಗೆ 2015ರಿಂದ ಇಲಾಖೆ ಬಳಸಿದ ಮಾರ್ಗಸೂಚಿಯೇ ಸರಿ ಇರಲಿಲ್ಲ ಅಂತ ಹೇಳಿದೆ. ಅಂಥ ಪ್ರಕರಣಗಳನ್ನ ಮತ್ತೆ ನೋಡ್ತೀವಿ ಅಂತ ಸರ್ಕಾರ ಒಪ್ಪಿದೆ. ಆ ಕಾಲದ ಪೇಸ್ಲಿಪ್‌ಗಳನ್ನ ಎಸೀಬೇಡಿ. ಕಳೆದಿದ್ದರೆ ಹಳೇ ಮಾಲೀಕರ ಪೇರೋಲ್‌ನವರಿಗೆ ಈಗಲೇ ಬರೆದು ಕೇಳಿ.