ನಂದಿ ಬೆಟ್ಟದ ಕಡೆ ಬೆಳಗ್ಗೆ ಮಂಜು, ಮಧ್ಯಾಹ್ನ ಉರಿ ಬಿಸಿಲು, ಸಂಜೆ ಆಲಿಕಲ್ಲು. ಭಾನುವಾರ ಮಕ್ಕಳನ್ನು ಕರ್ಕೊಂಡು ಹತ್ತಬಹುದಾ?

ಸುಲ್ತಾನಪೇಟೆ ದಾರಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರ ಟೌನು. ಈ ವಾರದ ಹವಾ ನೋಡಿ ತಲೆ ಕೆಟ್ಟುಹೋಗಿದೆ. ಸೋಮವಾರ ಒಂದೇ ಸಮ ಬಿಸಿಲು, ಎಲೆ ಅಲ್ಲಾಡಲಿಲ್ಲ. ಮಂಗಳವಾರ ಸಂಜೆ ಬರೀ ಗುಡುಗು, ಒಂದು ಹನಿಯೂ ಬೀಳಲಿಲ್ಲ. ಬುಧವಾರ ನಾಲ್ಕು ಗಂಟೆಗೆ ಇದ್ದಕ್ಕಿದ್ದ ಹಾಗೆ ಗಾಳಿ ಎದ್ದು ಆಲಿಕಲ್ಲು ಸುರಿಯಿತು, ಅಂಗಳವೆಲ್ಲ ಬೆಳ್ಳಗಾಯಿತು, ಹಿತ್ತಲ ಮಾವಿನ ಮರದ ಕಾಯಿ ಅರ್ಧ ನೆಲದ ಮೇಲೆ. ಗುರುವಾರ ಬೆಳಗ್ಗೆ ಎದ್ದು ನೋಡಿದರೆ ಮಂಜಿನಲ್ಲಿ ಬೆಟ್ಟವೇ ಕಾಣುತ್ತಿಲ್ಲ, ಹತ್ತು ಗಂಟೆಗೆಲ್ಲ ಮತ್ತೆ ನೆತ್ತಿ ಸುಡುವ ಬಿಸಿಲು. ಇವತ್ತು ಶುಕ್ರವಾರ, ಬೆಳಗಿನಿಂದ ಮೋಡ.

ವಿಷಯ ಏನಂದ್ರೆ ರಾಯಚೂರಿನಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬಂದಿದ್ದಾರೆ. ಮಕ್ಕಳಿಗೆ ಎಂಟು, ಹನ್ನೊಂದು ವರ್ಷ. ಆ ಊರಿನ ಬಿಸಿಲಲ್ಲಿ ಬೆಂದು ಬಂದವರು, ಬೆಟ್ಟದ ಮೇಲಿನ ತಂಪು ನೋಡಲೇಬೇಕು ಅಂತ ಕುಣಿಯುತ್ತಿದ್ದಾರೆ. ಭಾನುವಾರ ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ ನಂದಿಗೆ ಹೋಗೋಣ ಅಂತ ನನ್ನ ಆಸೆ. ಭಾವನಿಗೆ ಅದೇ ದಿನ ಸಂಜೆ ಸ್ಕಂದಗಿರಿಯೂ ಆಗಲಿ ಅಂತ. ಅಮ್ಮ ಮಾತ್ರ ಭರಣಿ ಮಳೆ ಹೊತ್ತಲ್ಲಿ ಮಕ್ಕಳನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಬೇಡ ಅಂತ ಹಟ ಹಿಡಿದಿದ್ದಾರೆ. ಫೋನಿನಲ್ಲಿ ನೋಡಿದರೆ ಗಂಟೆಗೊಂದು ಥರ ತೋರಿಸುತ್ತದೆ. ಗೊತ್ತಿರುವವರು ಹೇಳಿ, ಹೋಗಬಹುದಾ, ಹೋದರೆ ಎಷ್ಟು ಗಂಟೆಗೆ?

ಕಳವಾರ ಹುಡುಗ:

ನಂದಿಗೆ ಧಾರಾಳವಾಗಿ ಹೋಗಿ. ಆದರೆ ಬೆಳಗ್ಗೆ ಹೋಗಿ, ಹನ್ನೆರಡು ಗಂಟೆಯೊಳಗೆ ಕೆಳಗೆ ಇರಿ. ಈ ಸೀಸನ್ನಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಯಾವಾಗ ಬೇಕಾದರೂ ಗುಡುಗು ಶುರುವಾಗಬಹುದು. ಬೆಳಗಿನ ಹೊತ್ತು ಮಾತ್ರ ಹೆಚ್ಚು ಕಡಿಮೆ ನಂಬಬಹುದು.

ಸ್ಕಂದಗಿರಿ ಬೇಡ ಅಣ್ಣ, ಅದೂ ಸಂಜೆ ಅಂತೂ ಬೇಡವೇ ಬೇಡ. ನಮ್ಮೂರು ಕಳವಾರ, ಪಾಪಾಗ್ನಿ ಮಠದ ಹತ್ತಿರದಿಂದಲೇ ದಾರಿ ಹತ್ತುವುದು, ಆ ಬೆಟ್ಟ ದಿನಾ ಕಣ್ಣೆದುರಿಗೇ ಇರುತ್ತದೆ. ಅರ್ಧ ದಾರಿಯಿಂದ ಮೇಲೆ ಬರೀ ಬಂಡೆ. ಒಣಗಿದ್ದಾಗ ಕಾಲಿಗೆ ಒಳ್ಳೆ ಹಿಡಿತ ಸಿಗುವ ಅದೇ ಬಂಡೆ, ಎರಡು ಹನಿ ಬಿದ್ದು ಧೂಳು ಒದ್ದೆಯಾದರೆ ಜಾರುತ್ತದೆ, ಹತ್ತುವಾಗ ಗೊತ್ತಾಗಲ್ಲ, ಇಳಿಯುವಾಗ ಗೊತ್ತಾಗುತ್ತದೆ. ತುದಿಯಲ್ಲಿ ಪಾಳು ಬಿದ್ದ ಕೋಟೆ ಗೋಡೆ, ಸಣ್ಣ ಗುಡಿ ಬಿಟ್ಟರೆ ತಲೆ ಮರೆಸಲು ಜಾಗ ಇಲ್ಲ. ಸಿಡಿಲು ಬರುವಾಗ ಸುತ್ತ ಇರುವುದರಲ್ಲಿ ನೀವೇ ಎತ್ತರ ಆಗಿಬಿಡುತ್ತೀರಿ. ಅದಕ್ಕೆ ಮುಂಚೆ ಆನ್‌ಲೈನ್ ಬುಕ್ಕಿಂಗ್ ಕೂಡ ಮಾಡಿಸಬೇಕು. ಡಿಸೆಂಬರ್, ಜನವರಿಯಲ್ಲಿ ಭಾವನನ್ನು ಮತ್ತೆ ಕರೆಸಿ, ಸ್ಕಂದಗಿರಿ ಆಗ ತೋರಿಸಿ.

ಮೇಲೆ ಇರುವಾಗ ಗುಡುಗು ಕೇಳಿಸಿದರೆ ಹೀಗೆ ನೋಡಿ: ಮಿಂಚು ಕಂಡ ತಕ್ಷಣ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಆಟ ನಿಲ್ಲಿಸಿ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಹೋಗಿ, ಗಾಜು ಏರಿಸಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಮರದ ಕೆಳಗೆ ಮಾತ್ರ ನಿಲ್ಲಬೇಡಿ. ನಂದಿಯಲ್ಲಿ ದೊಡ್ಡ ದೊಡ್ಡ ಮರ ಇರುವುದರಿಂದ ಮಳೆ ಬಂದರೆ ಜನ ಮೊದಲು ಓಡುವುದೇ ಅಲ್ಲಿಗೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೋಡದ ಹುಚ್ಚ:

ಕಳವಾರದವರು ಹೇಳಿದ್ದು ಸರಿ. ಯಾಕೆ ಹೀಗೆ ಅಂತ ನಾನು ಸ್ವಲ್ಪ ಹೇಳುತ್ತೇನೆ, ಗೊತ್ತಿದ್ದರೆ ಯಾವ ಹೊತ್ತಿಗೆ ಏನು ಅಂತ ನೀವೇ ಲೆಕ್ಕ ಹಾಕಬಹುದು.

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ನಮ್ಮ ಒಳನಾಡು ಚೆನ್ನಾಗಿ ಕಾದಿರುತ್ತದೆ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಕಡೆಯಿಂದ ತೇವದ ಗಾಳಿ ಬರುತ್ತದೆ, ಉತ್ತರದ ಕಡೆಯಿಂದ ಒಣ ಬಿಸಿ ಗಾಳಿ. ಎರಡೂ ಸೇರುವ ಗೆರೆ ಮಹಾರಾಷ್ಟ್ರದಿಂದ ನಮ್ಮ ಒಳನಾಡಿನ ಮೇಲೆ ಹಾದು ದಕ್ಷಿಣಕ್ಕೆ ಇಳಿಯುತ್ತದೆ. ಆ ಗೆರೆ ದಿನಾ ಒಂದೇ ಕಡೆ ಇರಲ್ಲ, ಈ ಕಡೆ ಆ ಕಡೆ ಜರುಗುತ್ತದೆ. ಅದಕ್ಕೇ ನಿನ್ನೆ ಆಲಿಕಲ್ಲು ಬಿದ್ದ ಊರಲ್ಲಿ ಇವತ್ತು ಹನಿ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ. ನಂದಿ, ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ ಒಂದರ ಪಕ್ಕ ಒಂದು ಇರುವುದರಿಂದ ಇಳಿಜಾರಿಗೆ ಬಡಿದ ಗಾಳಿಗೆ ಮೇಲೆ ಹೋಗದೆ ಬೇರೆ ದಾರಿ ಇಲ್ಲ. ಹೀಗಾಗಿ ಇಲ್ಲಿ ಮೋಡ ಬೇಗ ಕಟ್ಟುತ್ತದೆ. ಮೋಡ ತುಂಬಾ ಎತ್ತರ ಬೆಳೆದಾಗ ಒಳಗಿನ ಹನಿ ಹೆಪ್ಪುಗಟ್ಟಿ, ಮೇಲೇಳುವ ಗಾಳಿಯಲ್ಲಿ ಸಿಕ್ಕಿಕೊಂಡು, ಪದರದ ಮೇಲೆ ಪದರ ಸೇರಿ ಆಲಿಕಲ್ಲಾಗುತ್ತದೆ. ಗಾಳಿ ಇನ್ನು ಹೊರಲಾರದಷ್ಟು ತೂಕ ಆದಾಗ ಬೀಳುತ್ತದೆ. ಮಂಗಳವಾರದ ಗುಡುಗಿಗೂ ಕಾರಣ ಇದೆ, ಮಳೆ ಪಕ್ಕದೂರಲ್ಲಿ ಬಿದ್ದಿರಬಹುದು, ಇಲ್ಲ ಕೆಳಗಿನ ಒಣ ಗಾಳಿಯಲ್ಲಿ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗಿರಬಹುದು.

ಬೆಳಗಿನ ಮಂಜಿಗೂ ಹಿಂದಿನ ಸಂಜೆಯ ಮಳೆಗೂ ಸಂಬಂಧ ಇದೆ. ನೆಲ ಒದ್ದೆ, ರಾತ್ರಿ ಆಕಾಶ ತಿಳಿ, ಗಾಳಿ ಕಡಿಮೆ. ಆಗ ತಗ್ಗಿನಲ್ಲಿ ಮಂಜು ಕೂರುತ್ತದೆ. ಅದು ತೆಳ್ಳಗಿದ್ದರೆ ಬೆಟ್ಟದ ಮೇಲೆ ನಿಂತವರಿಗೆ ಕಾಲ ಕೆಳಗೆ ಬೆಳ್ಳಗೆ ಹರಡಿಕೊಂಡು ಕಾಣುತ್ತದೆ. ಅದಕ್ಕೇ ಶನಿವಾರ ಸಂಜೆ ಮಳೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಭಾನುವಾರ ಬೆಳಗ್ಗೆ ಮಕ್ಕಳಿಗೆ ಆ ನೋಟ ಸಿಗುವ ಅವಕಾಶ ಜಾಸ್ತಿ.

ತಂಪಿನ ಲೆಕ್ಕ: ನಂದಿ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್. ಟೌನು ಸುಮಾರು 900 ಮೀಟರ್ ಮೇಲಿದೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಹಿಡಿದರೂ ಮೂರು ನಾಲ್ಕು ಡಿಗ್ರಿ ಕಡಿಮೆ, ಗಾಳಿ ಬೀಸಿದರೆ ಇನ್ನೂ ತಣ್ಣಗೆ ಅನ್ನಿಸುತ್ತದೆ. ರಾಯಚೂರಿನ ಮಕ್ಕಳಿಗೆ ಒಂದೊಂದು ಸ್ವೆಟರ್ ಇರಲಿ.

ಫೋನಿನಲ್ಲಿ ಬರುವ ಗಂಟೆಗೊಂದು ಮುನ್ಸೂಚನೆ ಬಿಡಿ, ಇಷ್ಟು ಸಣ್ಣ ಜಾಗದ ಗುಡುಗು ಮಳೆಯನ್ನು ಹಿಂದಿನ ದಿನ ಹೇಳುವುದು ಕಷ್ಟ. ಭಾರತ ಹವಾಮಾನ ಇಲಾಖೆ ಆಯಾ ಜಿಲ್ಲೆಗೆ ಮುಂದಿನ ಮೂರು ಗಂಟೆಯ ಎಚ್ಚರಿಕೆ ಕೊಡುತ್ತದೆ, ಅದನ್ನು ನೋಡಿ. ದಾಮಿನಿ ಆ್ಯಪ್ ಹಾಕಿಕೊಂಡರೆ ನಿಮ್ಮ ಸುತ್ತ 20ರಿಂದ 40 ಕಿಲೋಮೀಟರ್ ಒಳಗಿನ ಸಿಡಿಲು ತೋರಿಸುತ್ತದೆ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ್ದೂ 'ಸಿಡಿಲು' ಅಂತಲೇ ಒಂದು ಆ್ಯಪ್ ಇದೆ.

ಶಿಡ್ಲಘಟ್ಟ ರೇಷ್ಮೆ:

ನಿಮ್ಮ ಅಮ್ಮನ ಮಾತನ್ನ ಪೂರ್ತಿ ತಳ್ಳಿಹಾಕಬೇಡಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ, ರಾಗಿ ಹೊಲ ಉಳುವವರಿಗೆ ಇದು ಬೇಕೇ ಬೇಕು. ಆದರೆ ಅದರ ಜೊತೆ ಬರುವ ಗಾಳಿ, ಕಲ್ಲು ನಮ್ಮಂಥವರನ್ನ ನಿದ್ದೆಗೆಡಿಸುತ್ತದೆ.

ನಮ್ಮ ಮನೇಲಿ ಈಗ ನಾಲ್ಕನೇ ಜ್ವರ ಎದ್ದ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳು ಇದೆ. ಈ ಹಂತದಲ್ಲಿ ಮನೆ 24, 25 ಡಿಗ್ರಿ ಇರಬೇಕು. ಮಧ್ಯಾಹ್ನ ಕಿಟಕಿಗೆ ಒದ್ದೆ ಗೋಣಿ ಕಟ್ಟಿ ತಂಪು ಮಾಡುತ್ತೇವೆ, ಸಂಜೆ ಮಳೆ ಬಂದ ತಕ್ಷಣ ಅದನ್ನೇ ಬಿಚ್ಚಿ ಗಾಳಿ ಆಡಿಸಬೇಕು. ತೇವ ನಿಂತರೆ ಹುಳು ಸಪ್ಪೆ ರೋಗಕ್ಕೆ ಬೀಳುತ್ತದೆ. ಮಳೆಯಲ್ಲಿ ನೆನೆದ ಹಿಪ್ಪುನೇರಳೆ ಸೊಪ್ಪು ಹುಳುವಿಗೆ ಹಾಗೇ ಹಾಕುವ ಹಾಗಿಲ್ಲ, ಒದರಿ, ಚಾಪೆ ಮೇಲೆ ಹರಡಿ, ಫ್ಯಾನ್ ಹಾಕಿ ನೀರು ಆರಿಸಿ ಹಾಕಬೇಕು. ಅದಕ್ಕೆ ನಾನು ಹನ್ನೆರಡು ಗಂಟೆಯಿಂದಲೇ ಪಡುವಣ ದಿಕ್ಕಿಗೆ, ಬೆಟ್ಟದ ಕಡೆಗೆ ನೋಡುತ್ತಿರುತ್ತೇನೆ. ಬೆಟ್ಟದ ಮೇಲೆ ಬಿಳಿ ಮೋಡ ಹೂಕೋಸಿನ ಹಾಗೆ ಅಂಚು ಗಟ್ಟಿಯಾಗಿ ಮೇಲಕ್ಕೆ ಬೆಳೆಯುತ್ತಿದ್ದರೆ ಆಗಲೇ ಸಂಜೆಯ ಸೊಪ್ಪು ಕೊಯ್ದು ಒಳಗೆ ಹಾಕಿಕೊಳ್ಳುತ್ತೇನೆ. ಬುಡ ಕಪ್ಪಾಗಿ, ಸೆಕೆ ನಿಂತು, ಒಂದು ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು ಅಂದ್ರೆ ಮಳೆ ಬಂದೇ ಬಂತು. ನೀವು ಬೆಟ್ಟದ ಮೇಲೆ ಇದ್ದರೂ ಈ ಗುರುತು ನೋಡಿಕೊಳ್ಳಿ, ಆ್ಯಪ್ ಸಿಗ್ನಲ್ ಸಿಗದಿದ್ದರೂ ಇದು ಸಿಗುತ್ತದೆ.

ಇನ್ನೊಂದು ಮಾತು. ಹೋಗುವಾಗ ದಾರಿಯಲ್ಲಿ ದ್ರಾಕ್ಷಿ ತೋಟ ಕಾಣುತ್ತವೆ. ಬುಧವಾರದ ಕಲ್ಲಿಗೆ ನಮ್ಮ ನೆಂಟರ ತೋಟದಲ್ಲಿ ಗೊಂಚಲು ಒಡೆದು ಹೋಗಿವೆ. ಕಲ್ಲು ತಾಗಿದ ಕಡೆ ಕೊಳೆ ಹತ್ತುತ್ತದೆ, ತೇವಕ್ಕೆ ಬೂಜು ರೋಗವೂ ಬರುತ್ತದೆ, ಅದಕ್ಕೇ ಸಿಕ್ಕ ಬೆಲೆಗೆ ಬೇಗ ಬೇಗ ಕೊಯ್ದು ಮಾರುತ್ತಿದ್ದಾರೆ. ರಸ್ತೆ ಬದಿ ಮಾರುವ ಹಣ್ಣಿಗೆ ಸ್ವಲ್ಪ ಕಲೆ ಇದ್ದರೂ ದಯವಿಟ್ಟು ಚೌಕಾಸಿ ಮಾಡದೆ ತಗೊಳ್ಳಿ. ರುಚಿಗೇನೂ ಕಮ್ಮಿ ಇರಲ್ಲ.

ಸುಲ್ತಾನಪೇಟೆ ದಾರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಹನ್ನೆರಡರೊಳಗೆ ಇಳಿಯುತ್ತೇವೆ ಅಂದ ಮೇಲೆ ಒಪ್ಪಿದರು. ಸ್ಕಂದಗಿರಿ ಕೈಬಿಟ್ಟೆವು. ಮೇಡಂ, ದ್ರಾಕ್ಷಿ ಖಂಡಿತ ತಗೊಳ್ಳುತ್ತೇವೆ. ಕೊನೆಯದಾಗಿ, ಬೆಳಗ್ಗೆಯೇ ಮಳೆ ಇದ್ದರೆ ಏನು ಮಾಡಲಿ? ಮಕ್ಕಳನ್ನ ಮನೇಲಿ ಕೂರಿಸುವುದು ಕಷ್ಟ.

ಕಳವಾರ ಹುಡುಗ:

ಮಳೆ ಇದ್ದರೆ ಮೆಟ್ಟಿಲು ಬೇಡ, ರಸ್ತೆಯಲ್ಲೂ ಹತ್ತಬೇಡಿ. 2021ರ ಆಗಸ್ಟಿನಲ್ಲಿ ಜೋರು ಮಳೆಗೆ ಗುಡ್ಡ ಕುಸಿದು ನಂದಿ ರಸ್ತೆ ತಿಂಗಳುಗಟ್ಟಲೆ ಮುಚ್ಚಿದ್ದು ನೆನಪಿದೆಯಲ್ಲ. ಈಗಿನ ಮಳೆ ಅಷ್ಟು ದೊಡ್ಡದಲ್ಲ, ಆದರೂ ತಿರುವುಗಳಲ್ಲಿ ಮಣ್ಣು, ಸಣ್ಣ ಕಲ್ಲು ಬಂದು ನಿಂತಿರುತ್ತದೆ.

ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ. ಒಂಬತ್ತನೇ ಶತಮಾನದಷ್ಟು ಹಳೇದು, ಕಲ್ಲಿನ ಮಂಟಪಗಳಲ್ಲಿ ನೆನೆಯದೆ ಓಡಾಡಬಹುದು, ಒಳಗೆ ದೊಡ್ಡ ಕಲ್ಯಾಣಿ ಇದೆ. ಕಲ್ಯಾಣಿ ಮೆಟ್ಟಿಲು ಮಳೆಯಲ್ಲಿ ಜಾರುತ್ತವೆ, ಚಿಕ್ಕವನ ಕೈ ಹಿಡಿದುಕೊಳ್ಳಿ. ಒಂಬತ್ತರ ಹೊತ್ತಿಗೆ ಮಳೆ ಬಿಟ್ಟು ಆಕಾಶ ತಿಳಿಯಾದರೆ ಅಲ್ಲಿಂದಲೇ ಕಾರಲ್ಲಿ ಬೆಟ್ಟಕ್ಕೆ ಹೋಗಿ ಬನ್ನಿ. ಶನಿವಾರ ರಾತ್ರಿ ಇಲ್ಲೇ ಒಂದು ಮೆಸೇಜ್ ಹಾಕಿ, ಬೆಳಗ್ಗೆ ಐದಕ್ಕೆ ಎದ್ದು ಮೋಡ ಹೇಗಿದೆ ಅಂತ ನಮ್ಮ ಮನೆ ಮಹಡಿಯಿಂದ ನೋಡಿ ಹೇಳುತ್ತೇನೆ.