ದುರ್ಗದಬೈಲದಾಗ ಸಾವಿರ ಗಜದ ಗುರಿ

ಬಸ್ಯಾನ ಅಕ್ಕನ ಮಗ ಟೆಕ್ಸಾಸ್‌ದಾಗ ಅದಾನ. ಸಾವಿರ ಗಜ ದೂರ ನಿಲ್ಲಿಸಿದ ಕಬ್ಬಿಣದ ಹಲಗಿಗೆ ಗುಂಡು ಹೊಡಿಯೋ ಹುಚ್ಚು ಅವಗ. "ಮಾಮಾ, ಸೋವಿದೊಳಗ ಒಂದು ರೈಫಲ್ ಸ್ಕೋಪ್ ಹೇಳು" ಅಂತ ವಾಟ್ಸ್ಯಾಪ್ ಹಾಕ್ಯಾನ. ಸ್ಕೋಪ್ ಅಂದ್ರ ಗುರಿ ಹಿಡಿಯಾಕ ರೈಫಲ್ ಮ್ಯಾಲ ಕೂಡಿಸೋ ದುರ್ಬೀನು. ಮಾಮಾ ಬಂದೂಕು ನೋಡಿದ್ದು ಬ್ಯಾಂಕಿನ ಬಾಗಲದಾಗ, ವಾಚ್‌ಮನ್ ಹೆಗಲಿಗೆ. ಆದ್ರ ಸಲಹೆ ಕೊಡಾಕ ಹುಬ್ಬಳ್ಳಿ ಮಂದಿ ಹಿಂದ ಸರಿದದ್ದು ನಾ ಅಂತೂ ಕಂಡಿಲ್ಲ. ಗಿರ್ಮಿಟ್ ಬಂತು, ಸಭಾ ಸುರು ಆತು.

"ಅದರಾಗೇನೈತಿ? 25 ಪಟ್ಟು ದೊಡ್ಡದು ಕಾಣೋದು ತಗೊ ಅಂತೀನಿ" ಅಂದ ಬಸ್ಯಾ, ಮಿರ್ಚಿ ಕಡಕೋತ.

ನಮ್ಮ ಮಾಸ್ತರ್ರು ಕಾಲೇಜಿನಾಗ ಎನ್‌ಸಿಸಿಯ .22 ರೈಫಲ್ ಹೊಡದವರು. ಅದೂ 25 ಮೀಟರಿಗೆ. ಗತ್ತು ಮಾತ್ರ ಇನ್ನೂ ಜನರಲ್‌ದು.

"ಗುರಿ 25 ಪಟ್ಟು ದೊಡ್ಡದಾದ್ರ ನಿನ್ನ ಕೈ ನಡುಗೋದೂ 25 ಪಟ್ಟು ಕಾಣತೈತಲೇ! ಬಿಸಲಿನ ಝಳ ಕುದಿಯೋ ಎಸರಿನಂಗ ಕಾಣತೈತಿ. ಮತ್ತ ಬೆಳಕು? ಮುಂದಿನ ಗಾಜು 50 ಮಿಲಿಮೀಟರ್ ಇದ್ರ 25ರಿಂದ ಭಾಗಿಸು. ಕಣ್ಣಿಗೆ ಬರೋ ಬೆಳಕಿನ ಕಿಂಡಿ ಬರೇ 2 ಮಿಲಿಮೀಟರ್. 10 ಪಟ್ಟಿಗೆ ಇಟ್ರ 5. ಅಮೆರಿಕದ ಮರೀನ್ ಸ್ನೈಪರ್‌ಗಳು 10 ಪಟ್ಟಿನ ಗಾಜಿನ್ಯಾಗ ವರ್ಷಾನುಗಟ್ಲೆ ಸಂಸಾರ ಮಾಡ್ಯಾರ."

"ಹಂಗಾರ ರೊಕ್ಕ ಯಾತಕ್ಕ ಕೊಡಬೇಕ್ರಿ?"

"ಸ್ಕೋಪಿನ ಮ್ಯಾಲ ಗುರಿ ಸರಸೋ ತಿರುಪಿಗೆ! 100 ಗಜಕ್ಕ ಗುರಿ ಕೂಡಿಸಿದ .308 ರೈಫಲ್‌ನ ಗುಂಡು ಸಾವಿರ ಗಜಕ್ಕ ಹೋಗೂದ್ರೊಳಗ ಸುಮಾರು 30 ಅಡಿ ಕೆಳಗ ಇಳದಿರತೈತಿ."

"ಮೂರಂತಸ್ತಿನ ಮನಿಯಷ್ಟು?" ಬಸ್ಯಾನ ಮಿರ್ಚಿ ಗಾಳಿಯೊಳಗ ನಿಂತ್ತು.

"ಅಷ್ಟ. ಮಿಲ್ ಅಂದ್ರ ಕೋನದ ಅಳತಿ, ದೂರದ ಸಾವಿರದಾಗ ಒಂದು ಪಾಲು. ಸಾವಿರ ಗಜದಾಗ ಒಂದು ಮಿಲ್ ಅಂದ್ರ ಸರಿಯಾಗಿ ಒಂದು ಗಜ. 30 ಅಡಿ ಏರಸಾಕ 10 ಮಿಲ್ ತಿರುವಬೇಕು. ಒಂದು ಮಿಲ್‌ಗೆ 10 ಕ್ಲಿಕ್, ಒಟ್ಟು 100 ಕ್ಲಿಕ್. ತಿರುಪು ನೂರಕ್ಕ ಮೂರು ಸುಳ್ಳು ಹೇಳಿದ್ರೂ ಗುಂಡು 11 ಇಂಚು ಆಚೆ. ಸ್ಕೋಪಿನ ಒಳಗ ಕಾಣೋ ಅಳತಿ ಗೀಟು ಮಿಲ್ ಲೆಕ್ಕದ್ದಿದ್ರ ತಿರುಪೂ ಮಿಲ್ ಲೆಕ್ಕದ್ದ ಇರಬೇಕು. ಸಂತ್ಯಾಗ ಸೇರಿಲೆ ಅಳದು ಕಿಲೋ ಲೆಕ್ಕದ್ಲೆ ರೊಕ್ಕ ಕೇಳಿದ್ರ ಜಗಳ ಆಗೂದಿಲ್ಲೇನು?"

ಅರಿವಿ ಅಂಗಡಿ ಗಜ ಟೆಕ್ಸಾಸ್‌ತನ ಹೋದದ್ದು ನನಗ ಭಾಳ ಸೇರ್ತು. ಸೋವಿ ಅಂದ್ರ ಯಾವುದ್ರಿ ಅಂತ ಕೇಳಿದೆ. 300-400 ಡಾಲರಿನ ಆಸುಪಾಸಿನ್ಯಾಗ ಅಮೆರಿಕದ ಎಸ್‌ಡಬ್ಲ್ಯುಎಫ್‌ಎ ಕಂಪನಿಯವರ 10 ಪಟ್ಟಿಂದು ಮಂದಿ ನೆಚ್ಚಿಕೊಂಡದ್ದು ಅಂದ್ರು. ಅದು ಹೆಚ್ಚುಕಡಿಮಿ ಆಗೂದಿಲ್ಲ, 10 ಅಂದ್ರ 10. ಕೆಡಾಕೂ ಒಳಗ ಸಾಮಾನು ಕಡಿಮಿ.

"ತಗೊಂಡ ಮ್ಯಾಲ ಕಾಗದಕ್ಕ ಪರೀಕ್ಷಾ ಮಾಡಬೇಕು. ಒಂದು ಗುಂಡು ಹೊಡಿ. ಇಷ್ಟು ಕ್ಲಿಕ್ ಮ್ಯಾಲ, ಒಂದು ಗುಂಡು. ಅಷ್ಟ ಬಲಕ್ಕ, ಕೆಳಗ, ಎಡಕ್ಕ. ಚೌಕ ಮೂಡಿ, ಕಡೇ ಗುಂಡು ಮೊದಲಿನ ತೂತಿನ ಹತ್ತೀಕ ಬಂದ ಬೀಳಬೇಕು."

"ಅಂದ್ರ ಹೋದದ್ದು ಹೋದಲ್ಲಿಗೆ ತಿರುಗಿ ಬರಬೇಕು ಅಂತೀರಿ" ಅಂದ ಬಸ್ಯಾ, ದೊಡ್ಡ ವಿದ್ವಾಂಸನಂಗ.

"ದೀಪಾವಳಿಗೆ ನನ್ನ ಕಿಸೆದಿಂದ ಹೋದ 500 ರೂಪಾಯಿನೂ ಬರಬೇಕಲ್ಲಪಾ?" ಅಂದೆ ನಾ.

ಬಸ್ಯಾ ಲಗೂನ ಫೋನ್ ತಗದು ಅಳಿಯಗ ಬರಿಯಾಕ ಕುಂತ. ಮಾಸ್ತರ್ರ ಚಾಳೀಸು ಇಸಗೊಂಡು ಹಣಿಕಿ ಹಾಕಿದೆ: "25 ಪಟ್ಟಿಂದ ತಗೊ. ಮತ್ತ ಅರ್ಜೆಂಟ್ ಒಂದು 500 ರೂಪಾಯಿ ಕಳಸು."